ಮಾಗಿ ಕಚೇರಿಯಲ್ಲಿ ನೀರು ಕುಡಿದದ್ದು

ಸಂಜೆ ನಾಲ್ಕೂವರೆಗೆ ಸರಿಯಾಗಿ ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪಿನ ಸೈರನ್ ಕೂಗುತ್ತದೆ. ಮೊದಲು ತಗ್ಗಿನಲ್ಲಿ, ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಗೊರಗೊರ. ಆಮೇಲೆ ಏರುತ್ತ ಏರುತ್ತ ಪಂಚಮದ ಹತ್ತಿರಕ್ಕೆ ಹೋಗಿ, ಅದನ್ನು ಮುಟ್ಟದೆ ಅಲ್ಲೇ ಸ್ವಲ್ಪ ಹೊತ್ತು ತೂಗಾಡಿ, ಕೊನೆಗೆ ಯಾರ ಮೇಲೂ ಸಿಟ್ಟಿಲ್ಲದವರಂತೆ ನಿಧಾನವಾಗಿ ಇಳಿದುಹೋಗುತ್ತದೆ. ಎಲ್ಲ ಸೇರಿ ಇಪ್ಪತ್ತೆರಡು ಸೆಕೆಂಡು. ಬೀದಿಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಟೀಗೆ ನೀರಿಡುವವರು ಇಡುತ್ತಾರೆ, ಒಣಗಿದ ಬಟ್ಟೆ ತೆಗೆಯುವವರು ತೆಗೆಯುತ್ತಾರೆ.

ವರ್ಕ್‌ಶಾಪಿನ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ ಮನೆಯಲ್ಲಿ ಹುಟ್ಟಿ ಅಲ್ಲೇ ಬೆಳೆದ ಪ್ರಸನ್ನನಿಗೆ ಮಾತ್ರ ಆ ಸದ್ದಿನ ಜೊತೆ ಹಳೆಯ ತಕರಾರು. ಒಂಬತ್ತನೇ ವಯಸ್ಸಿನಲ್ಲೇ ಅವನು ಅದರ ತಪ್ಪು ಹಿಡಿದಿದ್ದ. ಅದೇ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದ ಅಪ್ಪ ಮೂಗಯ್ಯ ಮನೆಗೆ ಬಂದು ಕೈ ತೊಳೆಯುತ್ತಿದ್ದಾಗ, "ಅಪ್ಪಾ, ನಿಮ್ ಸೈರನ್ನು ಶ್ರುತಿಗಿಲ್ಲ" ಎಂದು ದೂರು ಕೊಟ್ಟಿದ್ದ.

"ಶ್ರುತಿಗಿಲ್ದಿದ್ರೆ ಏನ್ಲಾ, ಟೈಮಿಗೈತಲ್ಲ" ಎಂದಿದ್ದರು ಮೂಗಯ್ಯ.

ಪ್ರಸನ್ನನಿಗೆ ಈಗ ನಲವತ್ತೊಂದು. ತನ್ನ ಜೀವನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಆ ಒಂದು ಮಾತಿನಲ್ಲೇ ಮುಗಿಸಬಹುದು ಎಂದು ಅವನಿಗೆ ಆಗಾಗ ಅನ್ನಿಸುತ್ತದೆ. ಶ್ರುತಿಗೆ ಇರಲಿಲ್ಲ, ಟೈಮಿಗೆ ಇದ್ದ.

ಶ್ರೀರಾಂಪುರದ ಒಂದು ಹೈಸ್ಕೂಲಿನಲ್ಲಿ ಅವನು ಪಿ.ಟಿ. ಮೇಷ್ಟ್ರು. ಎತ್ತರದ ಆಳು, ಕೈಗಳು ದೇಹಕ್ಕೆ ಹೇಳಿ ಮಾಡಿಸಿದ್ದಕ್ಕಿಂತ ಅರ್ಧ ಮೊಳ ಉದ್ದ. ಹುಡುಗನಾಗಿದ್ದಾಗ ಎರಡು ಬೀದಿ ಆಚೆಗಿದ್ದ ಸದಾಶಿವಯ್ಯ ಎಂಬ ಹಳೆಯ ಬ್ಯಾಂಡಿನವರಿಂದ ಕ್ಲಾರಿಯೊನೆಟ್ ಕಲಿತು, ಮದುವೆ ಮೆರವಣಿಗೆಗಳಲ್ಲಿ ಐದಾರು ವರ್ಷ ನುಡಿಸಿದ. ದೊಡ್ಡ ವಾದಕನಾಗುತ್ತಾನೆ ಎಂದು ಸದಾಶಿವಯ್ಯನವರು ನಂಬಿದ್ದರು. ಪ್ರಸನ್ನನೂ ಸಂಕೋಚವಿಲ್ಲದೆ ನಂಬಿದ್ದ. ಪಿ.ಟಿ. ಟ್ರೇನಿಂಗಿನ ಎರಡನೇ ವರ್ಷ ಒಂದು ವಾಲಿಬಾಲ್ ಬಂದು ಮುಂದಿನ ಎರಡು ಹಲ್ಲುಗಳನ್ನು ಕರೆದುಕೊಂಡು ಹೋಯಿತು. ಕಟ್ಟಿಸಿದ ಹಲ್ಲಿನಲ್ಲಿ ಅನ್ನ ತಿನ್ನಬಹುದು, ನಗಬಹುದು, ವಿಸಿಲ್ ಊದಬಹುದು. ಕ್ಲಾರಿಯೊನೆಟ್ ಮಾತ್ರ ಒಪ್ಪಲಿಲ್ಲ. ನುಡಿಸಲು ಬಾಯಿಲ್ಲದವನು ನುಡಿಸುವವರ ಮುಂದೆ ನಿಂತು ಕೈ ಆಡಿಸುವವನಾದ. ಇದನ್ನು ಅವನು ಯಾರ ಮುಂದೆಯೂ ದುಃಖದಿಂದ ಹೇಳಿದವನಲ್ಲ. ಚೆಂಡು ಹೊಡೆದ ಗೆಳೆಯ ಆಮೇಲೆ ಡೆಂಟಿಸ್ಟ್ ಆದ ಎಂದು ಸುಳ್ಳು ಸೇರಿಸಿ ನಗಿಸುತ್ತಾನೆ.

ಅವನು ಕೈ ಆಡಿಸುವುದು 'ನಾದಪಲ್ಲವ' ಎಂಬ ಎಳೆಯರ ವಾದ್ಯವೃಂದದ ಮುಂದೆ. ಹತ್ತರಿಂದ ಹದಿನೆಂಟು ವರ್ಷದ ಇಪ್ಪತ್ತಾರು ಮಕ್ಕಳು. ಹನ್ನೆರಡು ಪಿಟೀಲು, ನಾಲ್ಕು ಕೊಳಲು, ಮೂರು ಕ್ಲಾರಿಯೊನೆಟ್, ಉಳಿದದ್ದು ಕೀಬೋರ್ಡು, ವೀಣೆ, ಮೃದಂಗ, ತಬಲ, ಮತ್ತು ಒಂದೇ ಒಂದು ಚೆಲ್ಲೊ, ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು. ವರ್ಷಕ್ಕೆ ಎರಡು ಕಚೇರಿ: ಬೇಸಿಗೆಯದೊಂದು, ಡಿಸೆಂಬರಿನ ಮಾಗಿ ಕಚೇರಿ ಒಂದು. ಇದನ್ನು ಬೀದಿಯವರಿಗೆ ಅರ್ಥ ಮಾಡಿಸಲು ಪ್ರಸನ್ನ ಹನ್ನೊಂದು ವರ್ಷದಿಂದ ಪ್ರಯತ್ನಿಸುತ್ತಿದ್ದಾನೆ. ಅಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ.

"ನಿಮ್ ಆರ್ಕೆಸ್ಟ್ರಾದಲ್ಲಿ ಹಾಡೋರು ಯಾರು ಪ್ರಸನ್ನಣ್ಣ?" ಎಂದು ಎದುರು ಮನೆಯವರು ಒಮ್ಮೆ ಕೇಳಿದ್ದರು.

"ಯಾರೂ ಹಾಡಲ್ಲ ಕಣಮ್ಮ."

"ನೀವೇನ್ ನುಡಿಸ್ತೀರ?"

"ನಾನೇನೂ ನುಡಿಸಲ್ಲ."

"ಮತ್ತೆ?"

"ಕೈ ಆಡಿಸ್ತೀನಿ."

ಆಕೆ ಮರುದಿನ ಅವನ ಹೆಂಡತಿ ಸುಮಾಳನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸಿಕೊಂಡರು.

ವೃಂದವನ್ನು ಕಟ್ಟಿದವರು ಲಕ್ಷ್ಮೀಪುರಂನ ಪಿಟೀಲು ಮೇಷ್ಟ್ರು ಅನಂತಪದ್ಮನಾಭ. ವಯಸ್ಸು ಎಪ್ಪತ್ಮೂರು. ಪ್ರಸನ್ನ ಅವರ ಕೈಕೆಳಗಿನ ಎರಡನೇ ನಿರ್ದೇಶಕ. ಕೆಲಸ ಹಂಚಿಕೊಂಡ ರೀತಿ ಹೀಗೆ: ಸೆಪ್ಟೆಂಬರಿನಿಂದ ಮೂರು ತಿಂಗಳು ಪ್ರತಿ ಶನಿವಾರ ಮಕ್ಕಳನ್ನು ತಿದ್ದಿ, ಬೈದು, ಒಟ್ಟಿಗೆ ತರುವವನು ಪ್ರಸನ್ನ. ಕಚೇರಿಯ ಸಂಜೆ ಅವರ ಮುಂದೆ ನಿಲ್ಲುವವರು ಮೇಷ್ಟ್ರು. ಆ ಸಂಜೆ ಪ್ರಸನ್ನ ಪರದೆಯ ಹಿಂದೆ ಸೇಫ್ಟಿ ಪಿನ್ನು, ಕಡ್ಲೆಮಿಠಾಯಿ, ಹೆಚ್ಚಿನ ತಂತಿಗಳನ್ನು ಜೇಬಿನಲ್ಲಿಟ್ಟುಕೊಂಡು ಕೂತಿರುತ್ತಾನೆ. ವಂದನಾರ್ಪಣೆಯಲ್ಲಿ ಅವನ ಹೆಸರು ಮೈಕ್ ಸೆಟ್ಟಿನವರ ಆಮೇಲೆ, ಕಾಫಿ ಕೊಟ್ಟವರಿಗಿಂತ ಮೊದಲು ಬರುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಸ್ಥಾನ ಮೇಲೆ ಬಂದಿದ್ದೇನೆ ಎಂದು ಅವನೇ ಲೆಕ್ಕ ಹೇಳುತ್ತಾನೆ. ಮೊದಲು ಕಾಫಿಯವರ ಆಮೇಲೆ ಇತ್ತು.

ಈ ಸಲ ಹಾಗಲ್ಲ. ಮೇಷ್ಟ್ರ ಬಲಭುಜ ಎರಡು ವರ್ಷದಿಂದ ಮಾತು ಕೇಳುತ್ತಿರಲಿಲ್ಲ. ಈ ಮಾಗಿ ಕಚೇರಿಯೇ ತನ್ನ ಕೊನೆಯದು ಎಂದು ಅವರು ಸಮಿತಿಗೆ ಹೇಳಿಬಿಟ್ಟರು. ಅವರ ಜಾಗಕ್ಕೆ ಯಾರು ಎಂಬ ಮಾತು ಬಂದಾಗ ಸಮಿತಿಯ ಕಾರ್ಯದರ್ಶಿ ಷಡಕ್ಷರಿ ತಮ್ಮ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಚೆನ್ನೈನಲ್ಲಿ ಇದನ್ನೇ ಓದಿಬಂದ ಸಂಜಯ್ ಎಂಬ ತರುಣ, ಕಣ್ಣು ಮುಚ್ಚಿಕೊಂಡು ನಲವತ್ತು ಜನರ ವೃಂದವನ್ನು ನಡೆಸುತ್ತಿದ್ದ.

"ಪ್ರಸನ್ನ ಇದ್ದಾನಲ್ಲ" ಎಂದರು ಮೇಷ್ಟ್ರು.

"ಪ್ರಸನ್ನ ಅವ್ರು ಇದ್ದಾರೆ, ಇಲ್ಲ ಅಂತಲ್ಲ" ಎಂದರು ಷಡಕ್ಷರಿ. "ಆದ್ರೆ ವೇದಿಕೆ ಮೇಲೆ ಅವ್ರನ್ನ ಯಾರೂ ನೋಡಿಲ್ವಲ್ಲ ಸಾರ್."

"ನೋಡಿ ಹಾಗಾದ್ರೆ. ಕೊನೇ ಕೃತಿ ಅವನೇ ನಡೆಸ್ತಾನೆ. ಆಮೇಲೆ ಮಾತಾಡಿ."

ಹೀಗೆ ಹನ್ನೊಂದು ವರ್ಷದ ಶನಿವಾರಗಳು ಏಳು ನಿಮಿಷದ ಒಂದು ಕೃತಿಗೆ ಬಂದು ನಿಂತವು. ಅದು ಸರಿಹೋದರೆ ವೃಂದ ಅವನದು. ಇಲ್ಲವಾದರೆ ಮುಂದಿನ ವರ್ಷವೂ ಅದೇ ಸೇಫ್ಟಿ ಪಿನ್ನು, ಸಂಜಯ್ ಕಣ್ಣು ಬಿಡುವುದನ್ನು ಕಾಯುತ್ತ.

ಕೃತಿಯ ಹೆಸರು 'ಕೆರೆ ಏರಿ'; ಮೇಷ್ಟ್ರೇ ಮೋಹನ ರಾಗದಲ್ಲಿ ಬರೆದದ್ದು. ಮೊದಲ ಭಾಗ ವಿಲಂಬ, ನಿಧಾನದ ನಡೆ. ಅದರ ಕೊನೆಗೆ ಎಲ್ಲ ವಾದ್ಯಗಳೂ ತಗ್ಗಿ ಒಂದೇ ಕೊಳಲು ಉಳಿಯುತ್ತದೆ, ಬೆಳಗಿನ ನೀರಿನ ಮೇಲೆ ಒಂದೇ ಹಕ್ಕಿ ಉಳಿದಂತೆ. ಉಳಿದದ್ದು ದ್ರುತ, ಓಡುವ ನಡೆ.

ಪ್ರಸನ್ನ ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ಅಭ್ಯಾಸ ಶುರುಮಾಡಿದ. ಮೇಷ್ಟ್ರು ಹಿಡಿಯುವಂಥ ಬಿಳಿಯ ಕಡ್ಡಿ ಅವನಲ್ಲಿರಲಿಲ್ಲ. ಅಡುಗೆಮನೆಯಿಂದ ಮುದ್ದೆ ಕೋಲು ತಂದ. ಕನ್ನಡಿಯಲ್ಲಿ ಕಂಡದ್ದು ಸಂಗೀತ ನಿರ್ದೇಶಕನಲ್ಲ. ಆಗಸ್ಟ್ ಹದಿನೈದರ ಸಾಮೂಹಿಕ ಕವಾಯತು ಮಾಡಿಸುತ್ತಿರುವ ಡ್ರಿಲ್ ಮೇಷ್ಟ್ರು. ಕೈಗಳು ಮೃದುವಾಗಿ ಏಳಬೇಕಾದ ಕಡೆ ಪಕ್ಕಕ್ಕೆ ಚಾಚಿ, ಮೇಲೆ ಹೋಗಿ, ತೊಡೆಗೆ ಬಡಿಯುತ್ತಿದ್ದವು.

ಸುಮಾ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ ಕೈ ನೋಡಿದ್ರೆ ಮಕ್ಳು ನುಡ್ಸಲ್ಲ ಕಣ್ರೀ, ಗ್ರೌಂಡ್ ಸುತ್ತ ಎರಡು ರೌಂಡ್ ಓಡ್ತವೆ."

"ಇನ್ನೂ ಮೂರು ತಿಂಗಳಿದೆ, ಸರಿಹೋಗುತ್ತೆ."

"ಆಯ್ತು, ಸದ್ಯಕ್ಕೆ ಕೋಲು ಕೊಡಿ. ಹಿಟ್ಟು ತಿರುವ್ಬೇಕು."

ಈ ವರ್ಷದಿಂದ ಅಭ್ಯಾಸ ನಡೆಯುವುದು ಅಶೋಕಪುರಂನ ಸಮುದಾಯ ಭವನದಲ್ಲಿ. ಕಳೆದ ವರ್ಷದವರೆಗೆ ಲಕ್ಷ್ಮೀಪುರಂನ ಒಂದು ಮನೆಯ ಮಹಡಿಯಲ್ಲಿ ನಡೆಯುತ್ತಿತ್ತು. ಪಕ್ಕದವರು ಹನ್ನೆರಡು ಪಿಟೀಲುಗಳನ್ನು ಎಷ್ಟು ದಿನ ಎಂದು ಸಹಿಸಿಯಾರು. ಜಾಗ ಹುಡುಕಿದವನು ಪ್ರಸನ್ನ. ವರ್ಕ್‌ಶಾಪಿನ ಗೋಡೆಗೆ ಅಂಟಿಕೊಂಡ ಹಾಲು, ಗೋಡೆಯ ಮೇಲೆ ಕಣ್ಣು ಅರ್ಧ ಮುಚ್ಚಿದ ಬುದ್ಧನ ದೊಡ್ಡ ಚಿತ್ರ. ಮೊದಲ ಎರಡು ಶನಿವಾರ ಆರೇಳು ಮಕ್ಕಳು ಬರಲಿಲ್ಲ. ಅಶೋಕಪುರಂ ಎಂಬ ಹೆಸರೆತ್ತದೆ, ಜ್ವರ, ಟ್ಯೂಷನ್, ನೆಂಟರು ಎಂದು ಅವರ ತಾಯಂದಿರು ಫೋನು ಮಾಡಿದರು. ಮೂರನೇ ಶನಿವಾರ ಪ್ರಸನ್ನನ ತಾಯಿ ಚಿಕ್ಕಮಾದಮ್ಮ ದೊಡ್ಡ ಪಾತ್ರೆ ತುಂಬ ಚುರುಮುರಿ ಕಲಸಿ ಕಳಿಸಿದ್ದು ಬಂದ ಮಕ್ಕಳ ಬಾಯಿಂದ ಬಾರದ ಮಕ್ಕಳ ಕಿವಿಗೆ ಹೋಯಿತು. ನಾಲ್ಕನೇ ಶನಿವಾರ ಜ್ವರ, ಟ್ಯೂಷನ್, ನೆಂಟರು ಎಲ್ಲ ಒಟ್ಟಿಗೆ ಹೊರಟುಹೋದರು.

ಆದರೆ ಆ ನಾಲ್ಕನೇ ಶನಿವಾರವೇ ತೊಂದರೆ ಬಂದದ್ದು. ಕೊಳಲಿನ ಆ ಒಂಟಿ ಭಾಗ ಸಿಂಚನಳದು. ಹದಿನಾಲ್ಕರ ಹುಡುಗಿ, ಶ್ರೀರಾಂಪುರದಿಂದ ಅಪ್ಪನ ಸ್ಕೂಟರಿನಲ್ಲಿ ಬರುತ್ತಿದ್ದವಳು. ಅವಳು ಎರಡು ಸಾಲು ನುಡಿಸಿದ್ದಳಷ್ಟೆ, ಗೋಡೆಯಾಚೆಯಿಂದ ನಾಲ್ಕೂವರೆಯ ಸೈರನ್ ಎದ್ದಿತು. ಹಾಲಿನ ಕಿಟಕಿಗಳು ಜುಮ್ಮೆಂದವು. ಅವಳು ಕೊಳಲು ಇಳಿಸಿ, ಒರೆಸಿ, ಚೀಲಕ್ಕೆ ಹಾಕಿದಳು.

"ಏನಮ್ಮ?"

"ಅದು ನನಗಿಂತ ಚೆನ್ನಾಗಿ ನುಡಿಸುತ್ತೆ ಸಾರ್. ಅದಕ್ಕೇ ಕೊಟ್ಬಿಡಿ."

ಮಕ್ಕಳು ನಕ್ಕರು. ಅವಳೂ ನಕ್ಕಳು, ಆದರೆ ಅಂದು ಕೊಳಲು ಮತ್ತೆ ಹೊರಗೆ ಬರಲಿಲ್ಲ. ಮುಂದಿನ ವಾರವೂ ಗಡಿಯಾರ ನೋಡಿಕೊಂಡೇ ಕೂತಳು. ಉಸಿರು ಅರ್ಧದಲ್ಲೇ ಒಡೆಯುತ್ತಿತ್ತು.

ಪ್ರಸನ್ನ ಆ ವಾರವೆಲ್ಲ ಯೋಚಿಸಿ ಒಂದು ಉಪಾಯ ಕಂಡುಹಿಡಿದ. ತನ್ನ ಬುದ್ಧಿಗೆ ತಾನೇ ಬೆರಗಾದ ಅಪರೂಪದ ಸಂದರ್ಭ ಅದು. ವಿಲಂಬದ ಭಾಗ ಎರಡು ನಿಮಿಷ ಐವತ್ತು ಸೆಕೆಂಡು. ಕೈಗಡಿಯಾರ ನೋಡಿಕೊಂಡು ನಾಲ್ಕು ಇಪ್ಪತ್ತೇಳಕ್ಕೆ ಕೃತಿ ಶುರುಮಾಡಿದರೆ, ಕೊಳಲು ತನ್ನ ಕೊನೆಯ ಸ್ವರ ಮುಗಿಸಿದ ಮೇಲೆ ಸೈರನ್ ಎತ್ತುತ್ತದೆ. ಅದು ಕೂಗುವಷ್ಟು ಹೊತ್ತು ವಾದ್ಯ ಕೆಳಗಿಟ್ಟು ಎಲ್ಲರೂ ನೀರು ಕುಡಿಯುವುದು. ಅದು ಇಳಿಯುತ್ತ ಬಂದಾಗ ಪಿಟೀಲಿನ ಕಮಾನು ಎತ್ತುವುದು. ಅದರ ಬಾಲ ಮುಗಿದಲ್ಲಿ ಕೈ ಬೀಸಿದರೆ ದ್ರುತ.

ಉಪಾಯ ಅದ್ಭುತವಾಗಿ ಕೆಲಸ ಮಾಡಿತು. ಸಿಂಚನಳ ಉಸಿರು ನೆಟ್ಟಗಾಯಿತು. "ಸೈರನ್ನಿಗೂ ವೃಂದದಲ್ಲಿ ಸೀಟು ಕೊಟ್ಟಿದೀನಿ" ಎಂದು ಅವನು ಮನೆಯಲ್ಲಿ ಹೇಳಿಕೊಂಡ.

"ಚುರುಮುರಿನೂ ಕೊಡ್ಬೇಕಾ ಅದ್ಕೆ?" ಎಂದಳು ಸುಮಾ.

ಮೇಷ್ಟ್ರು ಬರೆದ ಹಾಳೆಯಲ್ಲಿ ವಿಲಂಬಕ್ಕೂ ದ್ರುತಕ್ಕೂ ನಡುವೆ ಉಸಿರಿಗೂ ಜಾಗವಿರಲಿಲ್ಲ. ಕೊಳಲಿನ ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಪಿಟೀಲುಗಳು ಮೇಲೆ ಬೀಳಬೇಕು. ಅದು ಪ್ರಸನ್ನನಿಗೆ ಗೊತ್ತಿತ್ತು. ಎರಡು ಭಾಗವನ್ನೂ ಆಮೇಲೆ ಸೇರಿಸಿಕೊಂಡರಾಯಿತು ಅಂದುಕೊಂಡ. ಮೇಷ್ಟ್ರು ತಮ್ಮ ಕೃತಿಗಳಿಗೆಂದು ಐದು ಗಂಟೆಗೆ ಬರುವವರು, ಅವರ ಕಿವಿಗೆ ಇದು ಬೀಳಲೇ ಇಲ್ಲ. ವೇದಿಕೆಯ ಮೇಲೆ ಒಮ್ಮೆ ಪೂರ್ತಿ ನುಡಿಸಿ ನೋಡೋಣ ಎಂದರೆ ಹಿಂದಿನ ದಿನ ಅಲ್ಲಿ ಯಾರದೋ ಆರತಕ್ಷತೆ. ಹೀಗೆ ಹತ್ತು ಶನಿವಾರ ಕಳೆದವು. ಆ 'ಆಮೇಲೆ' ಎಂಬುದು ಬರಲೇ ಇಲ್ಲ.

ಕಚೇರಿ ಡಿಸೆಂಬರಿನ ಮೂರನೇ ಭಾನುವಾರ ಸಂಜೆ, ಲಕ್ಷ್ಮೀಪುರಂನ ಒಂದು ಸಭಾಂಗಣದಲ್ಲಿ. ಚಳಿ ಬಿದ್ದಿತ್ತು. ಪ್ರಸನ್ನನ ಮದುವೆಯ ಕೋಟು ಪೆಟ್ಟಿಗೆಯಿಂದ ಹೊರಗೆ ಬಂತು. ಹದಿಮೂರು ವರ್ಷದಲ್ಲಿ ಕೋಟು ಹಾಗೇ ಇತ್ತು, ಬದಲಾದವನು ಅವನು. ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಸುಮಾ ಒಳಗಿಂದ ಸೇಫ್ಟಿ ಪಿನ್ನು ಹಾಕಿ, "ಕೈ ಮೇಲೆತ್ಬೇಡಿ, ಅಷ್ಟೇ" ಎಂದಳು.

"ಅಲ್ಲಮ್ಮ, ನನ್ನ ಕೆಲಸವೇ ಅದು."

"ಹಂಗಾದ್ರೆ ಸಣ್ಣಗೆ ಎತ್ತಿ. ನೀವೇನ್ ಸೀಲಿಂಗಿಗೆ ಸುಣ್ಣ ಹೊಡೀಬೇಕಾ?"

ಸಭಾಂಗಣದ ಮುಂದಿನ ಸಾಲುಗಳಲ್ಲಿ ಶಾಲು ಹೊದ್ದ ಲಕ್ಷ್ಮೀಪುರಂನವರು, ಸಮಿತಿಯವರು, ಮುಖ್ಯ ಅತಿಥಿಗಳು. ಹಿಂದಿನ ಎರಡು ಸಾಲು ತುಂಬ ಅಶೋಕಪುರಂನವರು; ಇವರನ್ನೆಲ್ಲ ಸಿಟಿ ಬಸ್ಸು ಹತ್ತಿಸಿ ಕರೆತಂದವರು ಮೂಗಯ್ಯ. ಬಿಳಿ ಅಂಗಿಯ ಮೇಲೆ ಮಫ್ಲರ್ ಸುತ್ತಿ, ನಿವೃತ್ತಿಯ ದಿನ ಬಂದ ಕೈಗಡಿಯಾರ ಕಟ್ಟಿ, ಮಗನ ಏಳು ನಿಮಿಷಕ್ಕಾಗಿ ಒಂದು ಗಂಟೆ ಮೊದಲೇ ಬಂದು ಕೂತಿದ್ದರು.

ಅನಂತಪದ್ಮನಾಭರು ತಮ್ಮ ಕೃತಿಗಳನ್ನು ನಡೆಸಿದರು. ಎಡಗೈಯಲ್ಲೇ ಹೆಚ್ಚು, ಬಲಗೈ ಸೊಂಟದ ಹತ್ತಿರ ಒಂದು ಗೇಣು ಅಲ್ಲಾಡಿದರೆ ಸಾಕು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಪರದೆಯ ಹಿಂದೆ ಬಂದು ಬಿಳಿಯ ಕಡ್ಡಿಯನ್ನು ಪ್ರಸನ್ನನ ಕೈಗಿಟ್ಟು, "ಹೋಗಯ್ಯಾ" ಎಂದರು. ಅದು ಮುದ್ದೆ ಕೋಲಿಗಿಂತ ಎಷ್ಟು ಹಗುರವಿತ್ತೆಂದರೆ, ಕೈಯಲ್ಲಿ ಏನೂ ಇಲ್ಲವೆಂದು ಅವನು ಎರಡು ಸಲ ನೋಡಿಕೊಂಡ.

ವೇದಿಕೆಗೆ ಹೋಗಿ ನಮಸ್ಕಾರ ಮಾಡಿದ. ನಿರೂಪಕಿ ಅವನ ಹೆಸರು ಹೇಳುವುದು ಇನ್ನೂ ಬಾಕಿಯಿತ್ತು. ಹೇಳಿದ ಮೇಲೆ ಇನ್ನೊಮ್ಮೆ ಮಾಡಿದ. ಹಿಂದಿನ ಸಾಲಿನಿಂದ ಯಾರೋ ವಿಸಿಲ್ ಹಾಕಿದರು. ಮೂಗಯ್ಯ ತಿರುಗಿ ನೋಡಿದ ಮೇಲೆ ಸುಮ್ಮನಾದರು.

'ಕೆರೆ ಏರಿ' ಶುರುವಾಯಿತು. ಪಿಟೀಲುಗಳು ಒಂದೊಂದಾಗಿ ಕಣ್ಣು ಬಿಟ್ಟವು. ಚೆಲ್ಲೊ ಕೆಳಗಿನಿಂದ ಮಂಜಿನ ಹಾಗೆ ಎದ್ದಿತು. ಅವನ ಕೈಗಳು ಏನು ಮಾಡುತ್ತಿದ್ದವೋ, ಕವಾಯತು ಮಾತ್ರ ಮಾಡುತ್ತಿರಲಿಲ್ಲ. ಒಂದೊಂದೇ ವಾದ್ಯ ತಗ್ಗಿ, ಸಿಂಚನಳ ಕೊಳಲು ಉಳಿಯಿತು. ಸಮುದಾಯ ಭವನದ ತಗಡಿನ ಮಾಡಿನ ಕೆಳಗೆ ಅಷ್ಟು ದಿನ ಕೇಳಿದ್ದ ಸ್ವರ ಇಲ್ಲಿ, ಈ ದೊಡ್ಡ ಕತ್ತಲೆಯಲ್ಲಿ, ಹೋಗಲು ಬೇಕಾದಷ್ಟು ದೂರ ಸಿಕ್ಕಿದ್ದರಿಂದ ಅವಸರವಿಲ್ಲದೆ ಹೋಗುತ್ತಿತ್ತು. ಮುಂದಿನ ಸಾಲಿನಲ್ಲಿ ಷಡಕ್ಷರಿ ಫೋನು ಜೇಬಿಗಿಟ್ಟದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡ. ಗೆದ್ದೆ ಅಂದುಕೊಂಡ. ಕೊಳಲು ಕೊನೆಯ ಸ್ವರಕ್ಕೆ ಬಂತು.

ಅಷ್ಟರಲ್ಲಿ ಅವನ ಕೈಗಳು ತಾವಾಗಿ ಕೆಳಗಿಳಿದವು.

ಇಪ್ಪತ್ತಾರು ಮಕ್ಕಳು ವಾದ್ಯಗಳನ್ನು ತೊಡೆಯ ಮೇಲಿಟ್ಟು, ಒಬ್ಬರಂತೆ ಬಗ್ಗಿ, ಕುರ್ಚಿಯ ಕೆಳಗಿನಿಂದ ನೀರಿನ ಬಾಟಲಿ ತೆಗೆದುಕೊಂಡರು. ತಲೆಯ ಮೇಲೆ ತೂಗುಬಿಟ್ಟಿದ್ದ ಮೈಕುಗಳು ಇಪ್ಪತ್ತಾರು ಮುಚ್ಚಳ ತಿರುಗುವ ಸದ್ದನ್ನು ಸಭೆಗೆಲ್ಲ ಹಂಚಿದವು. ಆಮೇಲೆ ಗುಟುಕು ಗುಟುಕು. ಸಭೆ, ಸಮವಸ್ತ್ರ ಹಾಕಿದ ಒಂದು ವಾದ್ಯವೃಂದ ಕೃತಿಯ ನಟ್ಟನಡುವೆ ಬಾಯಾರಿಕೆ ತೀರಿಸಿಕೊಳ್ಳುವುದನ್ನು ನೋಡಿತು. ಅವರ ನಿರ್ದೇಶಕ ಕರ್ಚೀಫಿನಿಂದ ಕತ್ತು ಒರೆಸಿಕೊಂಡು, ಗೋಡೆಯ ಕಡೆ ಕಿವಿಗೊಟ್ಟು, ಗಡಿಯಾರ ನೋಡಿಕೊಂಡ.

ಏಳು ಹತ್ತು.

ಆಗ ಪ್ರಸನ್ನನಿಗೆ ತಾನು ಎಲ್ಲಿದ್ದೇನೆಂಬುದು ಗೊತ್ತಾಯಿತು. ಮುಂದಿನ ಸಾಲಿನಲ್ಲಿ ಯಾರೋ ಮುಗಿಯಿತೆಂದು ಎರಡು ಚಪ್ಪಾಳೆ ತಟ್ಟಿ, ಜೊತೆಗಾರರಿಲ್ಲದೆ ನಿಲ್ಲಿಸಿದರು. ಅವನು ಕೈ ಎತ್ತಿದ. ಒಂದು ಪಿಟೀಲು ಕುಂಯ್ ಎಂದು ಒಂಟಿಯಾಗಿ ಹೊರಟು, ನಾಚಿ ನಿಂತಿತು. ಮಕ್ಕಳು ಅವನ ಕೈಯನ್ನು ನೋಡುತ್ತಲೇ ಇರಲಿಲ್ಲ. ಬಾಟಲಿ ಹಿಡಿದು, ಎಡಗಡೆಯ ಗೋಡೆಯನ್ನು ನೋಡುತ್ತಿದ್ದರು. ಅಲ್ಲಿಂದ ಬರಬೇಕಾದದ್ದು ಬರಲೆಂದು ಕಾಯುತ್ತಿದ್ದರು. ಗೋಡೆಯಾಚೆ ಇದ್ದದ್ದು ಸೈಕಲ್ ಸ್ಟ್ಯಾಂಡು. ಹತ್ತು ಶನಿವಾರ ಇವರನ್ನು ಪಳಗಿಸಿದವನು ಬೇರೆ ಯಾರೂ ಅಲ್ಲ. ಅಷ್ಟು ಚೆನ್ನಾಗಿ ಪಳಗಿಸಿದ್ದಕ್ಕೆ ಆ ಗಳಿಗೆಯಲ್ಲೂ ಅವನಿಗೆ ಒಂದು ಚೂರು ಹೆಮ್ಮೆಯಾಯಿತು.

ಸಿಂಚನ ಅವನ ಕಡೆ ನೋಡಿದಳು. ಅವಳ ಮುಖ ಸಣ್ಣಗಾಗಿತ್ತು. ತಪ್ಪು ತನ್ನದೇ ಇರಬೇಕು ಅಂದುಕೊಂಡಿದ್ದಳು.

ಪ್ರಸನ್ನ ಬಾಯಿ ತೆರೆದ.

ಗ್ರೌಂಡಿನ ಆ ತುದಿಯ ಹುಡುಗರನ್ನು ಈ ತುದಿಯಿಂದ ಕೂಗುವ ಗಂಟಲು. ಮೊದಲು ತಗ್ಗಿನಲ್ಲಿ ಗೊರಗೊರ ಎಂದಿತು. ಆಮೇಲೆ ಏರಿತು, ಏರುತ್ತ ಪಂಚಮದ ಹತ್ತಿರಕ್ಕೆ ಹೋಯಿತು, ಅದನ್ನು ಮುಟ್ಟದೆ ಕೂದಲೆಳೆಯಷ್ಟು ಕೆಳಗೆ ನಿಂತು ತೂಗಾಡಿತು. ನಲವತ್ತೊಂದು ವರ್ಷ ದಿನವೂ ಕೇಳಿದ ಆ ತಪ್ಪನ್ನು ಅವನು ಒಂದಿಷ್ಟೂ ತಿದ್ದದೆ ಹಾಗೇ ಕೂಗಿದ. ಮೂಗಯ್ಯ ಅಭ್ಯಾಸಬಲದಿಂದ ಮಣಿಕಟ್ಟು ಎತ್ತಿ ಗಡಿಯಾರ ನೋಡಿಕೊಂಡರು.

"ಲೇ, ನಮ್ ಸೈರನ್ನು ಕಣ್ಲಾ!" ಎಂದಿತು ಹಿಂದಿನ ಸಾಲಿನ ಒಂದು ದನಿ. ಎರಡು ಸಾಲು ಒಟ್ಟಿಗೆ ನಕ್ಕವು.

ವೇದಿಕೆಯ ಮೇಲೆ ಬಾಟಲಿಗಳು ಕೆಳಗಿಳಿದವು. ಸೈರನ್ ಇಳಿಯತೊಡಗಿದಂತೆ ಕಮಾನುಗಳು ಎದ್ದವು, ಕೊಳಲುಗಳು ತುಟಿಗೆ ಬಂದವು. ಉಸಿರಿನ ಕೊನೆಯ ಚೂರನ್ನು ಬಾಲದ ಹಾಗೆ ಎಳೆದು, ಅದು ಮುಗಿದಲ್ಲಿ ಪ್ರಸನ್ನ ಎರಡು ಕೈಗಳನ್ನೂ ಸೀಲಿಂಗಿನವರೆಗೆ ಎತ್ತಿ ಬೀಸಿದ. ಸೇಫ್ಟಿ ಪಿನ್ನು ಎಲ್ಲಿಗೋ ಹಾರಿತು. ಇಪ್ಪತ್ತಾರು ವಾದ್ಯಗಳು ಒಂದೇ ಏಟಿಗೆ, ಒಂದೇ ಬಾಗಿಲು ತೆರೆದಂತೆ, ಒಳಗೆ ಬಂದವು. ಅಷ್ಟು ಒಟ್ಟಿಗೆ ಅವರು ಎಂದೂ ಬಂದಿರಲಿಲ್ಲ.

ಚಪ್ಪಾಳೆ ಮುಗಿಯುವ ಮೊದಲೇ ಅವನು ಪರದೆಯ ಹಿಂದೆ ಬಂದು, ತಂತಿಗಳ ಡಬ್ಬಿಯ ಮೇಲೆ ಕೂತುಬಿಟ್ಟ. ಕೋಟಿನ ಬಲತೋಳು ಭುಜದಿಂದ ಅರ್ಧ ಕಳಚಿ ನೇತಾಡುತ್ತಿತ್ತು. ವಿಡಿಯೊದ ಸಂಜಯ್ ಕಣ್ಣ ಮುಂದೆ ಬಂದ. ಪಾಪ, ಒಳ್ಳೆಯ ಹುಡುಗನಂತೆಯೇ ಕಾಣುತ್ತಿದ್ದ. ಅವನಿಗೂ ಪಿನ್ನು ಬೇಕಾಗುತ್ತದೆ, ಮೊದಲೇ ಒಂದು ಪೊಟ್ಟಣ ತಂದಿಡಬೇಕು. ಹೊರಗೆ ವಂದನಾರ್ಪಣೆ ನಡೆಯುತ್ತಿತ್ತು. ಮೈಕ್ ಸೆಟ್ಟಿನವರ ಹೆಸರು ಬಂತು. ಅದರ ಆಮೇಲೆ ಕಾಫಿಯವರದು ಬಂತು.

ಅನಂತಪದ್ಮನಾಭರು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಭುಜ ನೀವಿಕೊಂಡರು.

"ನಾನು ಬರೆದಿದ್ರಲ್ಲಿ ನೀರು ಕುಡಿಯೋದು ಎಲ್ಲಿದೆಯಯ್ಯಾ?"

"ತಪ್ಪಾಯ್ತು ಮೇಷ್ಟ್ರೇ." ಅವನು ನಾಲ್ಕು ಇಪ್ಪತ್ತೇಳರ ಉಪಾಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೇಳುತ್ತ ಹೋದಂತೆ ಅದು ಇನ್ನೂ ಪೆದ್ದಾಗಿ ಕೇಳಿಸಿತು.

ಮೇಷ್ಟ್ರು ನಗಲಿಲ್ಲ. "ಇಪ್ಪತ್ತಾರು ಮಕ್ಕಳು ಒಬ್ಬರೂ ಹಿಂದೆ ಮುಂದೆ ಇಲ್ದೆ ಒಟ್ಟಿಗೆ ತಪ್ಪು ಮಾಡಿದ್ರು ಕಣೋ. ಇಪ್ಪತ್ತು ವರ್ಷದಲ್ಲಿ ನನಗೆ ಅವರನ್ನ ಒಟ್ಟಿಗೆ ಸರಿ ಮಾಡಿಸೋಕೂ ಆಗಿಲ್ಲ." ಜೇಬಿಗೆ ಕೈಹಾಕಿ ಒಂದು ಬೀಗದ ಕೈ ತೆಗೆದರು. ಸ್ವರದ ಹಾಳೆಗಳನ್ನೆಲ್ಲ ಇಟ್ಟಿರುವ ಕಬ್ಬಿಣದ ಟ್ರಂಕಿನದು. "ತಗೋ. ಶನಿವಾರದಿಂದ ನಾನು ಬರಲ್ಲ. ಆ ಹುಡುಗಿಗೆ ಮೊದಲು ಹೋಗಿ ಹೇಳು, ತಪ್ಪು ಅವಳದಲ್ಲ ಅಂತ. ಅಳ್ತಾ ಕೂತಿದೆ."

"ಸಮಿತಿಯವರು?"

ಸಮಿತಿಯವರು ಅಷ್ಟರಲ್ಲಿ ಬಾಗಿಲಿಗೇ ಬಂದಿದ್ದರು. ಷಡಕ್ಷರಿಯವರ ಮುಖ ಬೆಳಗುತ್ತಿತ್ತು. "ಪ್ರಸನ್ನ ಅವ್ರೇ, ಎಲ್ಲಿ ಅಡಗಿ ಕೂತಿದೀರ! ಮುಖ್ಯ ಅತಿಥಿಗಳು ನಿಮ್ಮನ್ನ ಕೇಳ್ತಾ ಇದ್ದಾರೆ. ಆ ಮೌನ, ಆ ಜಲಪಾನ, ಆಮೇಲೆ ಆ ಶಂಖನಾದ! ಕೆರೆ ನೀರಿನ ಸಂಕೇತ ಅಂತೆ, ಅವರಿಗೆ ತಕ್ಷಣ ಹೊಳೀತಂತೆ. ಬೇಸಿಗೆ ಕಚೇರೀಲೂ ಶಂಖನಾದ ಇರಲೇಬೇಕು ಅಂತ ಹಟ ಹಿಡಿದಿದಾರೆ. ಸಂಜಯ್‌ಗೆ ಫೋನ್ ಮಾಡಿ ಕೇಳ್ದೆ, ಅವರಿಗೆ ಅದು ಬರಲ್ವಂತೆ."

ಪ್ರಸನ್ನ ಬೀಗದ ಕೈಯನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಹನ್ನೊಂದು ವರ್ಷದ ಶನಿವಾರಗಳಿಗೆ ಸಿಗದಿದ್ದ ಕೆಲಸ ಇಪ್ಪತ್ತೆರಡು ಸೆಕೆಂಡು ಊಳಿಟ್ಟದ್ದಕ್ಕೆ ಸಿಗುತ್ತಿತ್ತು. ಹೂಂ ಅಂದುಬಿಟ್ಟರೆ ಸಾಕು. ಮೇಷ್ಟ್ರು ಚಾವಣಿ ನೋಡುತ್ತ ಕೂತಿದ್ದರು; ಈ ವಿಷಯದಲ್ಲಿ ಅವರು ಸಹಾಯ ಮಾಡುವ ಹಾಗೆ ಕಾಣಲಿಲ್ಲ. ಬಾಗಿಲಾಚೆ ಅಪ್ಪ ಮಫ್ಲರ್ ಸರಿಮಾಡಿಕೊಳ್ಳುತ್ತ ನಿಂತಿದ್ದರು.

"ಎಂಗಿತ್ತಪ್ಪ?" ಎಂದು ಪ್ರಸನ್ನ ಅವರನ್ನು ಕೇಳಿದ.

"ಶ್ರುತಿಗಿರ್ಲಿಲ್ಲ" ಎಂದರು ಮೂಗಯ್ಯ. ಆಮೇಲೆ ಗಡಿಯಾರ ನೋಡಿಕೊಂಡು, "ಟೈಮಿಗೂ ಇರ್ಲಿಲ್ಲ ಬುಡು. ಎರಡ್ ಗಂಟೆ ನಲವತ್ ನಿಮಿಷ ಲೇಟು" ಎಂದರು. ಮುಖ ತಿರುಗಿಸಿಕೊಂಡು ಮಫ್ಲರಿನಲ್ಲಿ ನಕ್ಕದ್ದು ಭುಜದಲ್ಲಿ ಗೊತ್ತಾಯಿತು.

ಮುಖ್ಯ ಅತಿಥಿಗಳೇ ಒಳಗೆ ಬಂದು ಕೈ ಕುಲುಕಿದರು. ಕುಲುಕಿದ ರಭಸಕ್ಕೆ ಕೋಟಿನ ತೋಳು ಮೊಣಕೈವರೆಗೆ ಇಳಿಯಿತು. "ಹೇಳಿ, ಆ ಶಂಖನಾದ ಯಾವ ಸಂಪ್ರದಾಯದ್ದು?"

"ಅದು ಶಂಖ ಅಲ್ಲ ಸಾರ್" ಎಂದ ಪ್ರಸನ್ನ. ಷಡಕ್ಷರಿಯವರ ಮುಖದ ಬೆಳಕು ಅರ್ಧ ಆರಿತು. "ನಮ್ಮ ಮನೆ ಹಿಂದೆ ವರ್ಕ್‌ಶಾಪ್ ಇದೆಯಲ್ಲ, ಅದರದ್ದು. ದಿನಾ ಕೂಗುತ್ತೆ. ಮಕ್ಕಳು ಅದನ್ನೇ ಕಾಯ್ತಾ ಇದ್ರು, ನಾನೇ ಅಭ್ಯಾಸ ಮಾಡ್ಸಿದ್ದು, ತಪ್ಪು ನಂದು—"

ಪರದೆಯ ಸಂದಿಯಿಂದ ವೇದಿಕೆ ಕಾಣುತ್ತಿತ್ತು. ಎಲ್ಲರೂ ಎದ್ದುಹೋಗಿದ್ದರೂ ಸಿಂಚನ ಮಾತ್ರ ತನ್ನ ಕುರ್ಚಿಯಲ್ಲೇ, ಕೊಳಲಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಪ್ರಸನ್ನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, "ಒಂದ್ನಿಮಿಷ ಸಾರ್" ಎಂದು ಅವರ ಕೈ ಬಿಟ್ಟ. ಹರಿದ ತೋಳನ್ನು ಮೇಲೆಳೆದುಕೊಳ್ಳುತ್ತ ವೇದಿಕೆಯ ಕಡೆ ಹೊರಟವನು ನಡೆಯುತ್ತಲೇ ಅರ್ಧ ತಿರುಗಿ, "ನಿಮಗೆ ಅಸಲೀದು ಕೇಳ್ಬೇಕು ಅಂತಿದ್ರೆ ಶನಿವಾರ ಬನ್ನಿ, ನಾಲ್ಕಕ್ಕೇ ಬಂದ್ಬಿಡಿ, ಅಮ್ಮ ಚುರುಮುರಿ ಕಲಸಿರ್ತಾರೆ, ತಿಂದು ಗೋಡೆ ಪಕ್ಕ ನಿಂತ್ಕೊಂಡ್ರೆ ಸರಿಯಾಗಿ ನಾಲ್ಕೂವರೆಗೆ ಮೊದಲು ತಗ್ಗಿನಲ್ಲಿ ಒಂದು ಗೊರಗೊರ..." ಎನ್ನುತ್ತ ಸಿಂಚನಳ ಕಡೆ ನಡೆದ.